ಒಂದು ಸಂಖ್ಯೆ, ಹಲವು ಗುಣಲಬ್ಧಗಳು: ಒಂದು ಎಣಿಕೆಯ ಚರಿತ್ರೆ

1957ರ ಏಪ್ರಿಲ್ 1ರಂದು ಭಾರತದ ರೂಪಾಯಿ ನೂರು ನಯಾಪೈಸೆಗಳ ನಾಣ್ಯವಾಯಿತು. ಅದಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ; ಒಟ್ಟು 192 ಪೈ. ನಮ್ಮ ಹಿರಿಯರಲ್ಲಿ ಅನೇಕರು ಈ ಲೆಕ್ಕವನ್ನು ಮಗ್ಗಿಯೊಡನೆ ಬಾಯಿಪಾಠ ಮಾಡಿದವರು. ಹೊಸ ಪದ್ಧತಿಯಿಂದ ಬರೆಹದ ಲೆಕ್ಕ ಸುಲಭವಾಯಿತೆಂಬುದು ನಿಜ. ಆದರೆ ಹಂಚಿಕೆಯ ಸೌಕರ್ಯ ಒಂದಿಷ್ಟು ಕಡಿಮೆಯಾಯಿತು. ಹಳೆಯ ರೂಪಾಯಿಯನ್ನು ಮೂವರು ಸಮನಾಗಿ ಹಂಚಿಕೊಂಡರೆ ತಲೆಗೆ 5 ಆಣೆ 4 ಪೈ, ಅಂದರೆ 64 ಪೈ; ಲೆಕ್ಕ ಚೊಕ್ಕ. ನೂರು ಪೈಸೆಯನ್ನು ಮೂವರಿಗೆ ಹಂಚಿದರೆ ಒಂದು ಪೈಸೆ ಉಳಿದೇ ಉಳಿಯುತ್ತದೆ.

ಒಂದು ಸಂಖ್ಯೆ ಎಷ್ಟು ಬಗೆಯಲ್ಲಿ ಒಡೆಯಬಲ್ಲದು? ಕೇಳಲು ಇದು ವ್ಯಾಪಾರಿಯ ಪ್ರಶ್ನೆ. ಆದರೆ ಇದನ್ನು ಹಿಡಿದು ಹೊರಟವರ ಸಾಲಿನಲ್ಲಿ ಗ್ರೀಸಿನ ತತ್ತ್ವಜ್ಞಾನಿಯೂ ಇದ್ದಾನೆ, ರಾಷ್ಟ್ರಕೂಟರ ಕಾಲದ ಜೈನ ಪಂಡಿತರೂ ಇದ್ದಾರೆ, ಈರೋಡಿನಲ್ಲಿ ಹುಟ್ಟಿದ ಶ್ರೀನಿವಾಸ ರಾಮಾನುಜನ್ನರೂ ಇದ್ದಾರೆ. ಈ ಎಣಿಕೆಯ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದು ನಮ್ಮ ಉದ್ದೇಶ. ಶಾಲೆಯಲ್ಲಿ ಕಲಿತ ಗುಣಾಕಾರಕ್ಕಿಂತ ಹೆಚ್ಚಿನ ಗಣಿತ ಇದಕ್ಕೆ ಬೇಕಾಗಿಲ್ಲ.

ಎರಡು ಎಣಿಕೆಗಳು

ಮೊದಲಿಗೆ ಎರಡು ಎಣಿಕೆಗಳನ್ನು ಬೇರೆ ಬೇರೆಯಾಗಿ ಗ್ರಹಿಸಬೇಕು. ಒಂದನೆಯದು ಭಾಜಕಗಳ ಎಣಿಕೆ. ಹನ್ನೆರಡನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 1, 2, 3, 4, 6, 12, ಒಟ್ಟು ಆರು. ಎರಡನೆಯದು ಗುಣಲಬ್ಧ ರೂಪಗಳ ಎಣಿಕೆ. ಹನ್ನೆರಡನ್ನು 12 ಎಂದೇ ಬಿಡಬಹುದು; 2×6 ಎಂದು, 3×4 ಎಂದು, 2×2×3 ಎಂದು ಬರೆಯಬಹುದು; ಒಟ್ಟು ನಾಲ್ಕು. ಇಲ್ಲಿ 1ನ್ನು ಅಪವರ್ತನವಾಗಿ ಬಳಸುವಂತಿಲ್ಲ. 2×6 ಮತ್ತು 6×2 ಎರಡನ್ನೂ ಒಂದೇ ಎಂದು ಗಣಿಸಬೇಕು. ಹದಿಮೂರು ಅವಿಭಾಜ್ಯವಾದುದರಿಂದ ಅದಕ್ಕೆ ಒಂದೇ ರೂಪ.

ಒಂದಕ್ಕಿಂತ ದೊಡ್ಡದಾದ ಪ್ರತಿಯೊಂದು ಪೂರ್ಣಸಂಖ್ಯೆಯನ್ನೂ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಲು ಸಾಧ್ಯ. ಜರ್ಮನಿಯ ಗೌಸ್ 1801ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಸ್ಪಷ್ಟವಾಗಿ ಸಾಧಿಸಿ ತೋರಿಸಿದರು. ನಮ್ಮ ಎರಡೂ ಎಣಿಕೆಗಳು ಈ ಅವಿಭಾಜ್ಯಗಳ ಕೂಡಿಕೆಯನ್ನು ಅವಲಂಬಿಸಿವೆಯೇ ಹೊರತು ಸಂಖ್ಯೆಯ ಗಾತ್ರವನ್ನಲ್ಲ. ಭಾಜಕಗಳ ಲೆಕ್ಕಕ್ಕೆ ಸುಲಭ ಸೂತ್ರವೊಂದಿದೆ: ಪ್ರತಿಯೊಂದು ಅವಿಭಾಜ್ಯವೂ ಎಷ್ಟು ಸಲ ಬರುವುದೋ ಅದಕ್ಕೆ ಒಂದನ್ನು ಕೂಡಿಸಿ, ಬಂದವುಗಳನ್ನೆಲ್ಲ ಗುಣಿಸಿದರೆ ಸಾಕು. 192ರಲ್ಲಿ 2 ಆರು ಸಲ, 3 ಒಂದು ಸಲ ಬರುತ್ತದೆ. 7×2, ಆದುದರಿಂದ 14 ಭಾಜಕಗಳು. ನೂರರಲ್ಲಿ 2 ಎರಡು ಸಲ, 5 ಎರಡು ಸಲ. 3×3, ಆದುದರಿಂದ 9.

ಗುಣಲಬ್ಧ ರೂಪಗಳಿಗೆ ಇಂತಹ ಸುಲಭ ಸೂತ್ರವಿಲ್ಲ. ತಾಳ್ಮೆಯಿಂದ ಎಣಿಸಿದರೆ ನೂರಕ್ಕೆ 9 ರೂಪಗಳು, 192ಕ್ಕೆ 30 ರೂಪಗಳು ದೊರೆಯುತ್ತವೆ. ಆಣೆ, ಪೈಸೆ, ಪೈ ಎಂಬ 16×4×3 ಆ ಮೂವತ್ತರಲ್ಲಿ ಒಂದು. ಈಗ 180ನ್ನು ನೋಡೋಣ. ಅದಕ್ಕೆ 18 ಭಾಜಕಗಳಿವೆ. 192ಕ್ಕಿಂತ ನಾಲ್ಕು ಹೆಚ್ಚು. ಆದರೆ ಗುಣಲಬ್ಧ ರೂಪಗಳು 26 ಮಾತ್ರ. ಭಾಜಕಗಳಲ್ಲಿ ಮುಂದಿರುವ ಸಂಖ್ಯೆ ಗುಣಲಬ್ಧಗಳಲ್ಲಿ ಹಿಂದೆ ಬೀಳಬಹುದು. ಇನ್ನೂ ಒಂದು ಮಾತು: 192ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ 30 ರೂಪಗಳಿಲ್ಲ. 144 ತೀರ ಹತ್ತಿರ ಬಂದು 29ಕ್ಕೆ ನಿಲ್ಲುತ್ತದೆ. ನಮ್ಮ ಹಿರಿಯರ ಕಿಸೆಯಲ್ಲಿದ್ದ ರೂಪಾಯಿ ಈ ಅರ್ಥದಲ್ಲಿ ದಾಖಲೆಯ ಸಂಖ್ಯೆಯಾಗಿತ್ತು.

ಐದು ಸಾವಿರದ ನಲವತ್ತು ಮನೆಗಳು

ಹೆಚ್ಚು ಭಾಜಕಗಳುಳ್ಳ ಸಂಖ್ಯೆಯನ್ನು ಬೇಕೆಂದೇ ಆರಿಸಿದ ಪ್ರಸಿದ್ಧ ನಿದರ್ಶನ ಗ್ರೀಸಿನದು. ಪ್ಲೇಟೋ ತನ್ನ ಮುಪ್ಪಿನ ಕೃತಿಯಾದ 'ಲಾಸ್' ಎಂಬ ಸಂವಾದದಲ್ಲಿ ಆದರ್ಶ ನಗರವೊಂದನ್ನು ಕಲ್ಪಿಸುತ್ತಾನೆ. ಅದರಲ್ಲಿ 5040 ಗೃಹಸ್ಥರಿರಬೇಕೆಂಬುದು ಅವನ ಕಟ್ಟಳೆ. ಕಾರಣವನ್ನೂ ಹೇಳುತ್ತಾನೆ: ಈ ಸಂಖ್ಯೆ ಒಂದರಿಂದ ಹತ್ತರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುತ್ತದೆ, ಅದಕ್ಕೆ 59 ಭಾಜಕಗಳಿವೆ. ತೆರಿಗೆಗೆ, ಸೈನ್ಯಕ್ಕೆ, ಭೂಮಿಯ ಹಂಚಿಕೆಗೆ ಜನರನ್ನು ಹೇಗೆ ಬೇಕಾದರೂ ಸಮಪಾಲಾಗಿ ವಿಂಗಡಿಸಬಹುದು. ಸಂಖ್ಯೆಯನ್ನೇ ಭಾಜಕವಾಗಿ ಸೇರಿಸಿಕೊಳ್ಳುವ ಇಂದಿನ ರೂಢಿಯಂತೆ ಅದು 60. ಹನ್ನೊಂದರಿಂದ ಮಾತ್ರ 5040 ಭಾಗವಾಗುವುದಿಲ್ಲ. ಎರಡು ಮನೆಗಳನ್ನು ಬಿಟ್ಟರೆ ಅದೂ ಸರಿಹೋಗುತ್ತದೆಂದು ಪ್ಲೇಟೋ ಸಮಾಧಾನ ಹೇಳುತ್ತಾನೆ. 5038ನ್ನು 11ರಿಂದ ಭಾಗಿಸಿದರೆ 458. ಈ 5040 ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಇಪ್ಪತ್ತನೆಯ ಶತಮಾನದಲ್ಲಿ ಅದು ಅನಿರೀಕ್ಷಿತವಾದೊಂದು ಸ್ಥಳದಲ್ಲಿ ಮತ್ತೆ ಕಾಣಿಸುತ್ತದೆ.

ಆರು ರಸಗಳು, ಆರು ಅವಿಭಾಜ್ಯಗಳು

ಭಾಜಕಗಳ ಎಣಿಕೆಯ ಹಿಂದೆ ಆಯ್ಕೆಯ ಎಣಿಕೆಯಿದೆ. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬ ಈ ವಿದ್ಯೆ ಭಾರತದಲ್ಲಿ ಬಹು ಹಳೆಯದು. ಆರು ರಸಗಳನ್ನು ಒಂದೊಂದಾಗಿಯೂ ಬೆರಸಿಯೂ ತೆಗೆದುಕೊಂಡರೆ 63 ಭೇದಗಳಾಗುವುವೆಂದು ಸುಶ್ರುತಸಂಹಿತೆ ಎಣಿಸಿಟ್ಟಿದೆ. ಇದನ್ನು ಸಾಮಾನ್ಯ ಸೂತ್ರವಾಗಿ ಸ್ಪಷ್ಟವಾಗಿ ನಿರೂಪಿಸಿದ ಗ್ರಂಥಗಳಲ್ಲಿ ಮುಖ್ಯವಾದುದು ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದ ಆದಿಯಲ್ಲಿ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಕಾಗಿಣಾ ನದಿಯ ದಂಡೆಯ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಆ ರಾಜನ ರಾಜಧಾನಿ. ಕವಿರಾಜಮಾರ್ಗ ಹುಟ್ಟಿದ್ದೂ ಅವನ ಆಸ್ಥಾನದಲ್ಲಿಯೇ.

ಮಹಾವೀರಾಚಾರ್ಯರ ಸೂತ್ರ ಹೀಗೆ ನಡೆಯುತ್ತದೆ. ಮೇಲಿನ ಸಾಲಿನಲ್ಲಿ 1, 2, 3, 4, 5, 6 ಎಂದು ಕ್ರಮವಾಗಿ ಬರೆಯಬೇಕು. ಕೆಳಗಿನ ಸಾಲಿನಲ್ಲಿ 6, 5, 4, 3, 2, 1 ಎಂದು ಹಿಮ್ಮುಖವಾಗಿ ಬರೆಯಬೇಕು. ಬಲದಿಂದ ಎಡಕ್ಕೆ ಬೇಕಾದಷ್ಟು ಸಂಖ್ಯೆಗಳನ್ನು ಗುಣಿಸಿ, ಮೇಲಿನ ಗುಣಲಬ್ಧವನ್ನು ಕೆಳಗಿನದರಿಂದ ಭಾಗಿಸಬೇಕು. ಒಂದನ್ನು ಆರಿಸಲು 6, ಎರಡನ್ನು ಆರಿಸಲು 30ನ್ನು 2ರಿಂದ ಭಾಗಿಸಿ 15, ಮೂರಕ್ಕೆ 20, ನಾಲ್ಕಕ್ಕೆ 15, ಐದಕ್ಕೆ 6, ಆರಕ್ಕೆ 1, ಒಟ್ಟು 63. ಉದಾಹರಣೆಗಳಲ್ಲಿ ಆಚಾರ್ಯರು ಆರು ರಸಗಳನ್ನೂ, ವಜ್ರ, ನೀಲ, ಮರಕತ, ಹವಳ, ಮುತ್ತುಗಳ ಹಾರವನ್ನೂ ತೆಗೆದುಕೊಳ್ಳುತ್ತಾರೆ.

ರಸಗಳ ಸ್ಥಾನದಲ್ಲಿ 2, 3, 5, 7, 11, 13 ಎಂಬ ಆರು ಅವಿಭಾಜ್ಯಗಳನ್ನಿಟ್ಟರೆ ಅವುಗಳ ಗುಣಲಬ್ಧ 30,030. ಅದರ ಒಂದೊಂದು ಭಾಜಕವೂ ಈ ಆರರಿಂದ ಮಾಡಿದ ಒಂದೊಂದು ಆಯ್ಕೆ. ಏನನ್ನೂ ಆರಿಸದಿದ್ದರೆ 1. ಹೀಗೆ 63ಕ್ಕೆ ಒಂದನ್ನು ಕೂಡಿಸಿ 64 ಭಾಜಕಗಳು. ಮಹಾವೀರಾಚಾರ್ಯರು ಭಾಜಕಗಳನ್ನೇ ಎಣಿಸಿದರೆಂದು ನಾವು ಹೇಳುತ್ತಿಲ್ಲ. ಅವರು ಎಣಿಸಿದ್ದು ರಸಗಳನ್ನು ಮತ್ತು ರತ್ನಗಳನ್ನು. ಇಲ್ಲದ ಹಿರಿಮೆಯನ್ನು ಹೊರಿಸುವುದರಿಂದ ಹಿರಿಯರಿಗೆ ಗೌರವ ಸಲ್ಲದು. ಅವರು ಮಾಡಿದ ಕೆಲಸವನ್ನು ಸರಿಯಾಗಿ ತಿಳಿಯುವುದರಿಂದ ಸಲ್ಲುತ್ತದೆ. ಆಯ್ಕೆಯ ಎಣಿಕೆಯನ್ನು ಭಾಜಕಗಳಿಗೆ ಅನ್ವಯಿಸಿದವರು ಪರ್ಷಿಯಾದ ಕಮಾಲುದ್ದೀನ್ ಅಲ್‌-ಫಾರಿಸಿ; ಸುಮಾರು 1320ರಲ್ಲಿ ಕಾಲವಾದ ಅವರು ಮೈತ್ರೀ ಸಂಖ್ಯೆಗಳ ಕುರಿತ ಗ್ರಂಥದಲ್ಲಿ ಈ ಕೆಲಸ ಮಾಡಿದರು.

'ಗಣಿತಸಾರಸಂಗ್ರಹ'ದ ಪಯಣವೂ ಗಡಿನಾಡಿನವರಾದ ನಮಗೆ ಹೃದ್ಯವಾದುದು. ಕನ್ನಡ ದೊರೆಯನ್ನು ಹೊಗಳುವ ಈ ಸಂಸ್ಕೃತ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಅದನ್ನು ಅಚ್ಚು ಹಾಕಿಸಿದರು. ವಿದ್ಯೆಗೆ ಭಾಷೆಯ ಗಡಿ ಬೇಲಿಯಾಗಲಿಲ್ಲ.

1356ರಲ್ಲಿ ನಾರಾಯಣ ಪಂಡಿತರು ರಚಿಸಿದ 'ಗಣಿತಕೌಮುದಿ'ಯಲ್ಲಿ ಅಪವರ್ತನಗಳನ್ನು ಕಂಡುಹಿಡಿಯುವುದಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಅವರ ಒಂದು ಉಪಾಯವನ್ನು 1161ರ ಮೇಲೆ ಪ್ರಯೋಗಿಸಿ ನೋಡೋಣ. ಅದಕ್ಕಿಂತ ದೊಡ್ಡದಾದ ಮೊದಲ ವರ್ಗಸಂಖ್ಯೆ 1225, ಅಂದರೆ 35ರ ವರ್ಗ. 1225ರಿಂದ 1161ನ್ನು ಕಳೆದರೆ 64; ಅದು 8ರ ವರ್ಗ. ಆದುದರಿಂದ 35ರಿಂದ 8ನ್ನು ಕಳೆದ 27, ಕೂಡಿಸಿದ 43 ಇವೆರಡೂ ಅಪವರ್ತನಗಳು: 27×43 = 1161. ಶೇಷ ವರ್ಗವಾಗದಿದ್ದರೆ ಮುಂದಿನ ವರ್ಗಸಂಖ್ಯೆಗೆ ಹೋಗಬೇಕು. ಫ್ರಾನ್ಸಿನ ಫರ್ಮಾ ಇದೇ ಉಪಾಯವನ್ನು ವಿವರಿಸಿದ್ದು ಸುಮಾರು 1643ರಲ್ಲಿ.

ಕೂಡುವುದು, ಗುಂಪು ಮಾಡುವುದು

ಈಗ ಕಠಿಣವಾದ ಎರಡನೆಯ ಎಣಿಕೆಗೆ, ಗುಣಲಬ್ಧ ರೂಪಗಳಿಗೆ ಬರೋಣ. ಈ ಹೊಳೆಗೆ ಎರಡು ದಡಗಳಿವೆ.

ಒಂದು ದಡದಲ್ಲಿ ಒಂದೇ ಅವಿಭಾಜ್ಯದ ಘಾತಗಳಿವೆ. 16 ಎಂದರೆ ನಾಲ್ಕು ಎರಡುಗಳ ಗುಣಲಬ್ಧ. ಅದರ ರೂಪಗಳು 16, 2×8, 4×4, 2×2×4, 2×2×2×2. ಇವು 4ನ್ನು ಕೂಡಿಕೆಯಾಗಿ ಬರೆಯುವ ಐದು ಬಗೆಗಳಿಗೆ ಸರಿಸಮ: 4, 1+3, 2+2, 1+1+2, 1+1+1+1. ಗುಣಾಕಾರದ ಪ್ರಶ್ನೆ ಇಲ್ಲಿ ಸಂಕಲನದ ಪ್ರಶ್ನೆಯಾಗಿ ಬದಲಾಗುತ್ತದೆ. ಈ ಸಂಕಲನ ವಿಭಜನೆಗಳೇ ರಾಮಾನುಜನ್ನರ ಕೀರ್ತಿಯ ಕ್ಷೇತ್ರ. ನಮ್ಮ ತಾಳವಾಡಿ ಇಂದು ಯಾವ ಜಿಲ್ಲೆಗೆ ಸೇರಿದೆಯೋ ಆ ಈರೋಡಿನಲ್ಲಿ 1887ರಲ್ಲಿ ಜನಿಸಿದ ರಾಮಾನುಜನ್ ಮತ್ತು ಕೇಂಬ್ರಿಜ್ಜಿನ ಹಾರ್ಡಿ ಇಬ್ಬರೂ ಸೇರಿ 1918ರಲ್ಲಿ ಇದಕ್ಕೊಂದು ಅದ್ಭುತ ಸೂತ್ರವನ್ನು ಪ್ರಕಟಿಸಿದರು. 200ರ ವಿಭಜನೆಗಳೆಷ್ಟು? ಪರ್ಸಿ ಮ್ಯಾಕ್‌ಮಹೋನ್ ಎಂಬ ಗಣಿತಜ್ಞರು ಕೈಲೆಕ್ಕದಿಂದ 39,72,99,90,29,388 ಎಂದು ಕಂಡುಹಿಡಿದರು. ಸೂತ್ರವೂ ಅದೇ ಸಂಖ್ಯೆಯನ್ನು ಕೊಟ್ಟಿತು. ಎರಡನ್ನು ಇನ್ನೂರು ಸಲ ಗುಣಿಸಿದರೆ ಬರುವ ಸಂಖ್ಯೆಗೆ ಇಷ್ಟೇ ಗುಣಲಬ್ಧ ರೂಪಗಳು.

ಮ್ಯಾಕ್‌ಮಹೋನ್ ಮೂಲತಃ ಸೈನ್ಯಾಧಿಕಾರಿ. 1873ರಲ್ಲಿ ಮದ್ರಾಸಿಗೆ ನೇಮಕಗೊಂಡು ಬಂದಿದ್ದವರು. ಅವರ ಇನ್ನೊಂದು ಶೋಧ ನಮ್ಮ ಅಂಗಡಿಗಳಿಗೆ ಒಪ್ಪುವಂತಹುದು. ಒಂದರಿಂದ ಏಳು ಸೇರಿನವರೆಗೆ ಪ್ರತಿಯೊಂದು ತೂಕವನ್ನೂ ಒಂದೇ ಒಂದು ಬಗೆಯಲ್ಲಿ ತೂಗಬಲ್ಲ ತೂಕದ ಕಲ್ಲುಗಳ ಕಟ್ಟು ಬೇಕು. ಎಲ್ಲ ಕಲ್ಲುಗಳೂ ಸೇರಿ ಏಳು ಸೇರು ಆಗಬೇಕು. ಎಷ್ಟು ಕಟ್ಟುಗಳು ಸಾಧ್ಯ? 1, 2, 4 ಒಂದು ಕಟ್ಟು. 1, 1, 1, 4 ಇನ್ನೊಂದು. 1, 2, 2, 2 ಮೂರನೆಯದು. ಏಳು ಒಂದುಗಳು ನಾಲ್ಕನೆಯದು. ಏಳಕ್ಕೆ ಒಂದನ್ನು ಕೂಡಿಸಿದರೆ 8. ಅಪವರ್ತನಗಳ ಹಿಂದುಮುಂದಿನ ಕ್ರಮವನ್ನೂ ಗಣಿಸಿದಾಗ 8ರ ರೂಪಗಳು 8, 2×4, 4×2, 2×2×2, ಅವೂ ನಾಲ್ಕೇ. ಇದು ಆಕಸ್ಮಿಕವಲ್ಲ, ಎಲ್ಲ ಸಂಖ್ಯೆಗಳಿಗೂ ಸಲ್ಲುವ ನಿಯಮವೆಂದು ಮ್ಯಾಕ್‌ಮಹೋನ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತೋರಿಸಿದರು.

ಇನ್ನೊಂದು ದಡದಲ್ಲಿ ಯಾವ ಅವಿಭಾಜ್ಯವೂ ಎರಡನೆಯ ಸಲ ಬಾರದ ಸಂಖ್ಯೆಗಳಿವೆ. 30ನ್ನು 30, 2×15, 3×10, 5×6, 2×3×5 ಎಂದು ಐದು ಬಗೆಯಲ್ಲಿ ಬರೆಯಬಹುದು. ಮೂವರು ವ್ಯಕ್ತಿಗಳನ್ನು ಗುಂಪುಗಳಾಗಿ ವಿಂಗಡಿಸುವ ಬಗೆಗಳೂ ಐದೇ. ನಾಲ್ಕು ಬೇರೆ ಬೇರೆ ಅವಿಭಾಜ್ಯಗಳಿದ್ದರೆ 15, ಐದಿದ್ದರೆ 52, ಆರಿದ್ದರೆ 203. ಅಮೆರಿಕದ ಗಣಿತಜ್ಞ ಎರಿಕ್ ಟೆಂಪಲ್ ಬೆಲ್ ಅವರ ಹೆಸರಿನಿಂದ ಇವನ್ನು ಬೆಲ್ ಸಂಖ್ಯೆಗಳೆಂದು ಕರೆಯುತ್ತಾರೆ. ಆದರೆ ಅವರಿಗಿಂತ ಬಹಳ ಮೊದಲೇ ಜಪಾನಿನಲ್ಲಿ ಐದರ ಎಣಿಕೆ ತಿಳಿದಿತ್ತು. ಅಲ್ಲಿನ ಧೂಪದ ಆಟವೊಂದರಲ್ಲಿ ಐದು ಧೂಪಗಳನ್ನು ಒಂದಾದಮೇಲೊಂದು ಉರಿಸುತ್ತಾರೆ. ಅವುಗಳಲ್ಲಿ ಯಾವ ಯಾವುವು ಒಂದೇ ಪರಿಮಳದವೆಂದು ಅತಿಥಿಗಳು ಮೂಸಿ ಹೇಳಬೇಕು. ಸಾಧ್ಯವಾದ ಉತ್ತರಗಳು 52. ಪ್ರತಿಯೊಂದಕ್ಕೂ ಒಂದು ಚಿತ್ರ, ಪ್ರತಿಯೊಂದು ಚಿತ್ರಕ್ಕೂ 'ಗೆಂಜಿಯ ಕಥೆ' ಎಂಬ ಪ್ರಾಚೀನ ಕಾದಂಬರಿಯ ಒಂದು ಅಧ್ಯಾಯದ ಹೆಸರು. ಕಾದಂಬರಿಯ ಅಧ್ಯಾಯಗಳು 54 ಆದುದರಿಂದ ಮೊದಲನೆಯದನ್ನೂ ಕೊನೆಯದನ್ನೂ ಕೈಬಿಟ್ಟರು. ಆ 52 ಚಿತ್ರಗಳೇ 2310 ಎಂಬ ಸಂಖ್ಯೆಯ 52 ಗುಣಲಬ್ಧ ರೂಪಗಳ ನಕ್ಷೆಯೂ ಹೌದು.

ಉಳಿದ ಸಂಖ್ಯೆಗಳೆಲ್ಲ ಈ ಎರಡು ದಡಗಳ ನಡುವೆ ಇವೆ. ಅಲ್ಲಿ ಕೂಡಿಕೆಯೂ ಗುಂಪುಗಾರಿಕೆಯೂ ಹೆಣೆದುಕೊಂಡಿರುವುದರಿಂದಲೇ ಸುಲಭ ಸೂತ್ರ ಸಿಕ್ಕುವುದಿಲ್ಲ.

ತಪ್ಪಿಹೋದ ಸಂಖ್ಯೆ, ತಿದ್ದಿದ ಪ್ರಮೇಯ

ಎಣಿಕೆಗೆ ಎರಡು ಕಟ್ಟಳೆಗಳಿವೆ: ಒಂದನ್ನೂ ಬಿಡಬಾರದು, ಒಂದನ್ನೂ ಎರಡು ಸಲ ಎಣಿಸಬಾರದು. ಇವುಗಳನ್ನು ಪಾಲಿಸುವುದು ಮಹಾಪ್ರತಿಭೆಗೂ ಸುಲಭವಲ್ಲವೆಂಬುದಕ್ಕೆ ಈ ಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ.

ತನಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತಲೂ ಹೆಚ್ಚು ಭಾಜಕಗಳುಳ್ಳ ಸಂಖ್ಯೆಗಳನ್ನು ರಾಮಾನುಜನ್ 1915ರ ದೀರ್ಘ ಲೇಖನವೊಂದರಲ್ಲಿ ಅಧ್ಯಯನ ಮಾಡಿದರು. ಅವುಗಳನ್ನು ಅತಿಸಂಯುಕ್ತ ಸಂಖ್ಯೆಗಳೆಂದು ಕರೆಯಬಹುದು. ಪ್ಲೇಟೋನ 5040 ಅವುಗಳಲ್ಲೊಂದು. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ರಾಮಾನುಜನ್ 67,46,32,83,88,800ರವರೆಗೆ ಇವುಗಳ ಪಟ್ಟಿ ಮಾಡಿದರು. ಆ ದೀರ್ಘ ಪಟ್ಟಿಯಲ್ಲಿ ಒಂದು ಸಂಖ್ಯೆ ಮಾತ್ರ ಬಿಟ್ಟುಹೋಯಿತು: 2,93,31,86,25,600. ಅದರಲ್ಲಿ 2 ಆರು ಸಲ, 3 ನಾಲ್ಕು ಸಲ, 5 ಮತ್ತು 7 ಎರಡೆರಡು ಸಲ, 11, 13, 17, 19 ಒಂದೊಂದು ಸಲ ಬರುತ್ತವೆ. ಸೂತ್ರದಂತೆ ಭಾಜಕಗಳು 7×5×3×3×2×2×2×2. ಗುಣಿಸಿದರೆ ಬರುವುದು 5040! ರಾಮಾನುಜನ್ನರ ಕಣ್ಣಿಗೆ ತಪ್ಪಿದ ಸಂಖ್ಯೆಯ ಭಾಜಕಗಳು ಪ್ಲೇಟೋನ ನಗರದ ಮನೆಗಳಷ್ಟೇ.

ಎರಡನೆಯ ನಿದರ್ಶನ ಗುಣಲಬ್ಧ ರೂಪಗಳದು. 1926ರಲ್ಲಿ ಅಲೆಕ್ಸಾಂಡರ್ ಆಪನ್‌ಹೈಮ್ ಎಂಬ ತರುಣ ಆಂಗ್ಲ ಗಣಿತಜ್ಞರು ಕೇಳಿದ ಪ್ರಶ್ನೆ ಇದು: ಸಂಖ್ಯೆಗಳು ದೊಡ್ಡವಾಗುತ್ತ ಹೋದಂತೆ ಗುಣಲಬ್ಧ ರೂಪಗಳ ಸಂಖ್ಯೆ ಅತಿ ಹೆಚ್ಚೆಂದರೆ ಎಷ್ಟಾಗಬಹುದು? ಅವರ ಉತ್ತರವನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಮೂಲ ಸಂಖ್ಯೆಯನ್ನು, ಅದಕ್ಕಿಂತ ಬಹಳ ನಿಧಾನವಾಗಿ ಬೆಳೆಯುವ ಒಂದು ನಿರ್ದಿಷ್ಟ ರಾಶಿಯಿಂದ ಎರಡು ಸಲ ಭಾಗಿಸಿದಷ್ಟು. ಆಪನ್‌ಹೈಮ್ ಮುಂದೆ ಸಿಂಗಪುರದ ರ‍್ಯಾಫಲ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಕೈಗೆ ಸಿಕ್ಕಿ ಚಾಂಗಿಯ ಸೆರೆಯಲ್ಲಿದ್ದರು. ಅಲ್ಲಿಯೂ ಕೈದಿಗಳ ವಿದ್ಯಾಪೀಠದಲ್ಲಿ ಪಾಠ ನಡೆಸುವ ಹೊಣೆ ಹೊತ್ತರು. ಅನಂತರ ಮಲಯ ವಿಶ್ವವಿದ್ಯಾಲಯದ ಕುಲಪತಿಗಳಾದರು.

ಅವರ ಪ್ರಮೇಯ 57 ವರ್ಷ ಹಾಗೆಯೇ ಉಳಿಯಿತು. 1983ರಲ್ಲಿ ಕ್ಯಾನ್‌ಫೀಲ್ಡ್, ಹಂಗೆರಿಯ ಪಾಲ್ ಎರ್ಡಿಶ್ ಮತ್ತು ಪಾಮೆರೆನ್ಸ್ ಎಂಬ ಮೂವರು ಅದನ್ನು ಮತ್ತೆ ಪರೀಕ್ಷಿಸಿ, ಎರಡು ಸಲವಲ್ಲ, ಒಂದೇ ಸಲ ಭಾಗಿಸಬೇಕೆಂದು ಸಾಧಿಸಿದರು. ಅಂದರೆ ರೂಪಗಳ ಸಂಖ್ಯೆ ಆಪನ್‌ಹೈಮ್ ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ತನಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಗುಣಲಬ್ಧ ರೂಪಗಳುಳ್ಳ ಸಂಖ್ಯೆಗಳನ್ನು ಅವರು ಪ್ರತ್ಯೇಕ ವರ್ಗವಾಗಿ ಗುರುತಿಸಿ, ನೂರು ಕೋಟಿಯವರೆಗಿನ ಪಟ್ಟಿಯನ್ನೂ ಕೊಟ್ಟರು. ರೂಪಾಯಿಯ 192 ಈ ವರ್ಗಕ್ಕೆ ಸೇರಿದುದು, 180 ಸೇರದು.

ಒಡೆಯದ ಸಂಖ್ಯೆಗಳ ಬೆಲೆ

ಈ ಎಣಿಕೆಯಿಂದ ಲೋಕಕ್ಕೇನು ಪ್ರಯೋಜನವೆಂದು ಮಕ್ಕಳು ಕೇಳಿದರೆ ಉತ್ತರ 1983ರ ಅದೇ ಲೇಖನದಲ್ಲಿದೆ. ತಮ್ಮ ಸಾಧನೆಗೆ ಬೇಕಾಗಿ ಆ ಮೂವರು, ಚಿಕ್ಕ ಅವಿಭಾಜ್ಯಗಳಿಂದ ಮಾತ್ರ ಕೂಡಿದ ಸಂಖ್ಯೆಗಳು ಎಷ್ಟು ವಿರಳವೆಂಬುದನ್ನೂ ಅಳೆಯಬೇಕಾಯಿತು. ದೊಡ್ಡ ಸಂಖ್ಯೆಯೊಂದನ್ನು ಒಡೆಯಲು ಎಷ್ಟು ಕಾಲ ಹಿಡಿಯುವುದೆಂದು ಅಂದಾಜು ಮಾಡುವವರಿಗೆ ಆ ಅಳತೆಯೇ ಆಧಾರವಾಯಿತು.

1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಎಂಬ ಗೂಢಲಿಪಿ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಬೀಗವಾಗಿ ಬಳಸುತ್ತದೆ. ಅಂತಹ ಸಂಖ್ಯೆಗೆ ಗುಣಲಬ್ಧ ರೂಪಗಳು ಎರಡೇ: ತಾನು ಒಂದು, ಆ ಎರಡು ಅವಿಭಾಜ್ಯಗಳ ಗುಣಾಕಾರ ಇನ್ನೊಂದು. ಆ ಎರಡನೆಯದನ್ನು ಕಂಡುಹಿಡಿಯುವ ಕಷ್ಟವೇ ಗುಟ್ಟನ್ನು ಕಾಯುತ್ತದೆ. ಅದೇ ವರ್ಷ ಸವಾಲಾಗಿ ಪ್ರಕಟವಾದ 129 ಅಂಕಿಗಳ ಸಂಖ್ಯೆಯನ್ನು ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಜೋಡಿಸಿ 1994ರಲ್ಲಿ ಒಡೆದರು. ಅವರು ಬಳಸಿದ ವಿಧಾನದ ಬೀಜ ಎರಡು ವರ್ಗಗಳ ವ್ಯತ್ಯಾಸ. ನಾರಾಯಣ ಪಂಡಿತರ ಅಧ್ಯಾಯದಲ್ಲಿ ನಾವು ಕಂಡ ತತ್ತ್ವವೇ. ಹಂಚಿಕೊಂಡು ಬಾಳುವ ಕಾಲಕ್ಕೆ ಸುಲಭವಾಗಿ ಒಡೆಯುವ ಸಂಖ್ಯೆ ಬೇಕಾಗಿತ್ತು. ಗುಟ್ಟು ಕಾಯುವ ಕಾಲಕ್ಕೆ ಒಡೆಯದ ಸಂಖ್ಯೆ ಬೇಕಾಯಿತು.

ನಮ್ಮ ಸಂಘದ ಮನೆಗಳಲ್ಲಿ ಮಕ್ಕಳು ಒಂದು ಸಂಜೆ 72ರ ಗುಣಲಬ್ಧ ರೂಪಗಳನ್ನು ಎಣಿಸಿ ನೋಡಲಿ. ಸರಿಯಾದ ಉತ್ತರ 16. ಹದಿನೈದು ಬಂದರೆ ಯಾವುದೋ ಬಿಟ್ಟುಹೋಗಿದೆ, ಹದಿನೇಳು ಬಂದರೆ ಯಾವುದೋ ಎರಡು ಸಲ ನುಸುಳಿದೆ. ಎಲ್ಲಿ ತಪ್ಪಿತೆಂದು ಹಿಂದಿರುಗಿ ಹುಡುಕುವುದೂ ಗಣಿತವೇ. ರಾಮಾನುಜನ್ನರ ಪಟ್ಟಿಯನ್ನು, ಆಪನ್‌ಹೈಮರ ಪ್ರಮೇಯವನ್ನು ಅನಂತರದವರು ಗೌರವದಿಂದಲೇ ಓದಿದರು. ಗೌರವದಿಂದ ಓದಿದ್ದರಿಂದಲೇ ಮತ್ತೊಮ್ಮೆ ಎಣಿಸಿ ತಿದ್ದಿದರು. ಹಿರಿಯರ ವಿದ್ಯೆಯನ್ನು ಉಳಿಸಿಕೊಳ್ಳುವ ಕ್ರಮವೂ ಇದೇ ಎಂದು ನಾವು ನಂಬುತ್ತೇವೆ.